ಹೌದಕ್ಕನ ಮೊದಲ ‘ಇಲ್ಲ’

ಆಕೆಗೆ ‘ಹೌದಕ್ಕ’ ಅಂತ ಹೆಸರಿಟ್ಟವನು ಆಕೆಯ ಗಂಡನೇ. ಬಸ್ ಡ್ರೈವರ್, ಬಾಯಿಗೆ ಮಾತ್ರ ಬ್ರೇಕಿಲ್ಲದ ಮನುಷ್ಯ. “ಮದುವೆಗೆ ಒಪ್ಪಿಗೇನಮ್ಮ ಅಂತ ಕೇಳಿದಾಗ ಹೌದು ಅಂದಳು. ಯೋಚಿಸಿ ಅಂದಳೋ, ರೂಢಿಗೆ ಅಂದಳೋ, ಇವತ್ತಿಗೂ ನನಗೆ ಗೊತ್ತಿಲ್ಲ,” ಅಂತ ಎಲ್ಲರ ಮುಂದೆ ನಗುತ್ತಿದ್ದ. ಹೆಸರು ಮನೆಯಿಂದ ಬೀದಿಗೆ ಇಳಿಯಿತು, ಬೀದಿಯಿಂದ ಅಂಗಡಿಗೆ ಬಂತು.

ತಾಯಿಯಿಲ್ಲದೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಹುಡುಗಿ. ಆ ಮನೆಯಲ್ಲಿ ಎದುರಾಡಿದರೆ ತುತ್ತಿಗೆ ಕಲ್ಲು ಬೀಳುತ್ತಿತ್ತು. ಮುಂದೆ ಕಲಿತ ಕಸುಬೂ ಹಾಗೇ ಕೂಡಿಬಂತು. ಹೆಂಗಸರ ಬಟ್ಟೆ ಹೊಲಿಯುವವಳು ಅಳತೆ ಹಿಡಿಯುವಾಗ ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುತ್ತಾಳೆ. ಹ್ಞೂಂ ಅನ್ನುವುದಕ್ಕಿಂತ ಹೆಚ್ಚಿನ ಮಾತಿಗೆ ಅಲ್ಲಿ ಜಾಗವಿಲ್ಲ. ಅತ್ತೆಯನ್ನು ಬೈದವರಿಗೂ ಹ್ಞೂಂ, ಸೊಸೆಯನ್ನು ಬೈದವರಿಗೂ ಹ್ಞೂಂ. ಹೆಂಗಸರು ಬಟ್ಟೆ ಕೊಡಲು ಬಂದು ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದರು.

ಮಹಡಿ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅಂಗಡಿ. ಎರಡು ಮಿಷಿನ್ನು, ಒಂದು ನಿಲುಗನ್ನಡಿ, ನಡುವೆ ಒಂದು ಪರದೆ. ಪರದೆಯ ಹಿಂದೆ, ಸಣ್ಣ ಕಿಟಕಿಯ ಪಕ್ಕ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಒಬ್ಬ ವಯಸ್ಸಾದ ಹೆಂಗಸಿನ ಕೆಲಸ. ಹೌದಕ್ಕ ಆಕೆಯನ್ನು ಗುಂಡಿಯಮ್ಮ ಅನ್ನುತ್ತಿದ್ದಳು.

ಗುಂಡಿಯಮ್ಮನ ಮಗ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುತ್ತಿದ್ದ. ಯಾರದೋ ಮನೆಯಲ್ಲಿ ಫೋನು ಕಾಣೆಯಾಯಿತು ಅಂತ ಸಂಜೆ ಅವನನ್ನು ಠಾಣೆಗೆ ಕರೆದುಕೊಂಡು ಹೋದರು. ಬೆಳಗಾಗುವ ಹೊತ್ತಿಗೆ ಹೆಣವಾಗಿದ್ದ. ಜಾರಿಬಿದ್ದ ಅಂದರು ಪೊಲೀಸರು. ಫೋನು ಆಮೇಲೆ ಆ ಮನೆಯ ಸೋಫಾದ ಸಂದಿಯಲ್ಲೇ ಸಿಕ್ಕಿತು. ಠಾಣೆಯ ಇನ್‌ಸ್ಪೆಕ್ಟರ್ ಮೇಲೆ ಕೊಲೆ ಕೇಸು ನಡೆಯಿತು, ವರ್ಷಗಟ್ಟಲೆ.

ಆ ಇನ್‌ಸ್ಪೆಕ್ಟರನ ಹೆಂಡತಿಯೂ ಹೌದಕ್ಕನ ಹಳೇ ಗಿರಾಕಿ. ಕೇಸಿಗೂ ಮುಂಚೆ ನಗರಸಭೆಯವರು ಮೆಟ್ಟಿಲ ಕೆಳಗಿನ ಅಂಗಡಿ ಎತ್ತಿಸಲು ಬಂದಾಗ ತಡೆದದ್ದು ಅದೇ ಇನ್‌ಸ್ಪೆಕ್ಟರನ ಒಂದು ಮಾತು. ಹೀಗಾಗಿ ಆಕೆ ಬಂದು, “ನಮ್ಮನೆಯವರು ಅಂಥೋರಲ್ಲ ಅಕ್ಕ,” ಅಂದಾಗಲೆಲ್ಲ ಹೌದಕ್ಕ, “ನಂಗೊತ್ತಿಲ್ವೇನಮ್ಮ,” ಅನ್ನುತ್ತಿದ್ದಳು.

ಗುಂಡಿಯಮ್ಮನನ್ನು ಕೆಲಸಕ್ಕೆ ಕರೆದದ್ದು ಕನಿಕರದಿಂದಲೇ. ಕೋರ್ಟು ಕೇಸಿನ ಹೆಂಗಸು ಅಂತ ಬೇರೆಯವರು ಕೆಲಸ ಬಿಡಿಸಿದ್ದರು. ಒಳ್ಳೆ ಕೆಲಸ ಮಾಡಿದೆ ಅಂತ ಹೌದಕ್ಕ ಒಳಗೊಳಗೆ ಬೀಗಿದ್ದೂ ಉಂಟು. ಆದರೆ ಆಕೆ ಯಾರ ತಾಯಿ ಅಂತ ಒಬ್ಬ ಗಿರಾಕಿಗೂ ಹೇಳಲಿಲ್ಲ. ಇನ್‌ಸ್ಪೆಕ್ಟರನ ಹೆಂಡತಿ ಬೀದಿಯ ತುದಿಯಲ್ಲಿ ಕಂಡರೆ ಸಾಕು, “ಅಮ್ಮಾ, ನೀಲಿ ದಾರ ಮುಗೀತು ನೋಡಿ, ಒಂದು ಉಂಡೆ ತಂದುಬಿಡಿ,” ಅನ್ನುತ್ತಿದ್ದಳು. ಗುಂಡಿಯಮ್ಮ ಹೋಗಿ ತರುತ್ತಿದ್ದಳು. ಡಬ್ಬಿ ತುಂಬ ನೀಲಿ ದಾರ.

ತೀರ್ಪಿನ ದಿನ ಗುಂಡಿಯಮ್ಮ ಎಂದಿನಂತೆ ಬಂದಳು. “ಕೋರ್ಟಿಗೆ ಅಳಿಯ ಹೋಗಿದಾನೆ. ಅಲ್ಲಿ ಸುಮ್ನೆ ಕೂತಿರಬೇಕು. ಇಲ್ಲಾದ್ರೆ ಕೈಗೆ ಕೆಲಸ ಇರುತ್ತೆ,” ಅಂದಳು. ಶಾಲೆ ಶುರುವಾಗುವ ಕಾಲ. ಯೂನಿಫಾರ್ಮ್ ಅಂಗಿಗಳು ರಾಶಿ ಬಿದ್ದಿದ್ದವು.

ಮಧ್ಯಾಹ್ನ ಎದುರಿನ ಮೊಬೈಲ್ ಅಂಗಡಿಯವನು ಟಿವಿಯ ದನಿ ಏರಿಸಿದ. ಇನ್‌ಸ್ಪೆಕ್ಟರ್ ತಪ್ಪಿತಸ್ಥ, ಜೀವಾವಧಿ ಶಿಕ್ಷೆ. ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಥೂ ಅಂದರು. ಗಲಾಟೆಯಾದೀತು ಅಂತ ಔಷಧಿ ಅಂಗಡಿಯವನು ಅರ್ಧ ಶಟರ್ ಎಳೆದ. ಮೂಲೆಯಲ್ಲಿ ಕೆಲವರು ಪಟಾಕಿ ಹಚ್ಚಿದರು. ಇನ್ನು ಕೆಲವರು ಇನ್‌ಸ್ಪೆಕ್ಟರನ ಫೋಟೋ ಹಿಡಿದು ಜೈಕಾರ ಕೂಗುತ್ತಾ ಹೋದರು. ಪರದೆ ಹಿಂದೆ ಗುಂಡಿಯಮ್ಮ, “ಆಯ್ತಲ್ಲ,” ಅಂದಳು, ಒಂದು ಲೋಟ ನೀರು ಕುಡಿದಳು, ಮತ್ತೆ ಸೂಜಿ ಎತ್ತಿಕೊಂಡಳು.

ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. “ದೇವರ ಕಣ್ಣು ಕುರುಡಲ್ಲ,” ಅಂದಳು ಒಬ್ಬಳು. ಹೌದಕ್ಕ ಹೌದು ಅಂದಳು. “ಆ ಮನುಷ್ಯನ ಹೆಂಡ್ತಿ ಮಕ್ಕಳ ಗತಿ ಏನು?” ಅಂದಳು ಇನ್ನೊಬ್ಬಳು. ಅದಕ್ಕೂ ಹೌದು ಅಂದಳು. ಕೊನೆಗೆ ಬಂದವರು ಶಾಲೆಯ ಹೆಡ್‌ಮಿಸ್. ವರ್ಷವರ್ಷವೂ ಯೂನಿಫಾರ್ಮ್ ಕೆಲಸ ಕೊಡುತ್ತಿದ್ದವರು ಅವರೇ. ಕನ್ನಡಿಯ ಮುಂದೆ ಹೊಸ ಕೋಟು ಹಾಕಿಕೊಂಡು ನಿಂತರು. ಹೌದಕ್ಕ ತೋಳಿನ ಅಂಚು ಮಡಚಿ ಪಿನ್ನು ಚುಚ್ಚುತ್ತಿದ್ದಳು.

“ನೋಡಿ, ಒಬ್ಬ ಕಳ್ಳನಿಗೋಸ್ಕರ ಅಂಥ ಅಧಿಕಾರಿಯನ್ನ ಒಳಗೆ ಹಾಕಿಬಿಟ್ರು,” ಅಂದರು ಹೆಡ್‌ಮಿಸ್. “ಪೊಲೀಸರು ಹೊಡೀದೆ ಮುದ್ದು ಮಾಡ್ತಾರಾ? ಹೆತ್ತೋರು ನೆಟ್ಟಗೆ ಬೆಳೆಸಿದ್ರೆ ಇದೆಲ್ಲ ಯಾಕೆ ಆಗ್ತಿತ್ತು? ಅಲ್ವೇನಕ್ಕ?”

ಬಾಯಲ್ಲಿ ಪಿನ್ನುಗಳಿದ್ದವು. ಹ್ಞೂಂ ಅಂದು ತಪ್ಪಿಸಿಕೊಳ್ಳಬಹುದಿತ್ತು. ಹೌದಕ್ಕ ಪಿನ್ನುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು, ಸ್ಪಷ್ಟವಾಗಿ, “ಹೌದು ಮೇಡಂ, ಹೆತ್ತೋರದ್ದೇ ತಪ್ಪು,” ಅಂದಳು.

ಪರದೆಯ ಹಿಂದೆ ಹಲ್ಲಿನಲ್ಲಿ ದಾರ ಕಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗುಂಡಿಯಮ್ಮ ಹೊರಗೆ ಬಂದಳು. ಮುಗಿಸಿದ ಅಂಗಿಗಳನ್ನು ಮಡಚಿ ಮೇಜಿನ ಮೇಲಿಟ್ಟು, “ಬರ್ತೀನಿ ಅಕ್ಕ,” ಅಂದಳು. ಆಕೆಗೆ ದಾರಿಯಾಗಲೆಂದು ಹೆಡ್‌ಮಿಸ್ ತಮ್ಮ ಬ್ಯಾಗನ್ನು ಪಕ್ಕಕ್ಕೆ ಸರಿಸಿದರು.

ಮರುದಿನ ಆಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೌದಕ್ಕ ಅಂಗಡಿ ಮುಚ್ಚಿ ಆಕೆಯ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ. ಗೋಡೆಯಲ್ಲಿ ಮಗನ ಫೋಟೋ, ಮೊಳೆಗೆ ಅವನ ಕೆಲಸದ ಅಂಗಿ. ಅದರ ಗುಂಡಿಗಳೆಲ್ಲ ಗಟ್ಟಿಯಾಗಿದ್ದವು.

“ಅಮ್ಮ, ಬಾಯಿತಪ್ಪಿ ಬಂತು,” ಅಂದಳು ಹೌದಕ್ಕ.

“ಬಾಯಿತಪ್ಪಿ ಅಲ್ಲ ಅಕ್ಕ, ನಿಮ್ಮ ಬಾಯಿಗೆ ಅದೇ ಪಾಠ ಆಗಿದೆ. ಇಷ್ಟು ದಿನ ಹಿಂದೆ ಕೂತು ಕೇಳಿಲ್ವಾ ನಾನು? ಆಯಮ್ಮ ಬಂದಾಗ ದಾರಕ್ಕೆ ಕಳಿಸ್ತಿದ್ರಿ. ಅದಕ್ಕೂ ಬೇಜಾರಿರಲಿಲ್ಲ, ಆಕೆ ಮುಖ ನೋಡೋದು ನನಗೂ ಬೇಡವಾಗಿತ್ತು.” ಗುಂಡಿಯಮ್ಮ ನೀರು ತಂದುಕೊಟ್ಟಳು. “ಆದ್ರೆ ಹೆತ್ತೋರದ್ದು ತಪ್ಪು ಅಂದ್ರಲ್ಲ, ಅದನ್ನ ಕೋರ್ಟಲ್ಲಿ ಇನ್‌ಸ್ಪೆಕ್ಟರ್ ಕಡೆ ಲಾಯರು ಕೂಡ ಅಂದಿರಲಿಲ್ಲ.”

“ನಾಳೆಯಿಂದ ಬನ್ನಿ ಅಮ್ಮ.”

“ಆಗಲ್ಲ ಅಕ್ಕ. ನೀರು ಕುಡೀರಿ.”

ಹೌದಕ್ಕ ಲೋಟ ಕೆಳಗಿಟ್ಟು ಹೊರಟಳು. ದಾರಿಯುದ್ದಕ್ಕೂ ಮುಖಕ್ಕೆ ಬಿಸಿ ಹೊಡೆದಂತಿತ್ತು. ಇನ್ನು ಮೇಲೆ ಸುಮ್ಮಸುಮ್ಮನೆ ಹೌದು ಅನ್ನುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಕೆಲವು ದಿನಗಳ ಮೇಲೆ, ಬೀದಿಯಲ್ಲಿ ಜನ ಇಲ್ಲದ ಹೊತ್ತು ನೋಡಿಕೊಂಡು ಇನ್‌ಸ್ಪೆಕ್ಟರನ ಹೆಂಡತಿ ಬಂದಳು. ಸೊರಗಿ ಕಡ್ಡಿಯಾಗಿದ್ದಳು. “ಬಟ್ಟೆಯೆಲ್ಲ ಜೋಲುತ್ತೆ ಅಕ್ಕ, ಸ್ವಲ್ಪ ಹಿಡಿದುಕೊಡಿ,” ಅಂತ ಎರಡು ಗೌನು ಕೊಟ್ಟು, ಅಳತೆಗೆ ಕೈ ಎತ್ತಿ ನಿಂತಳು. ಟೇಪು ಸೊಂಟ ಸುತ್ತುವಾಗ ಮೆಲ್ಲಗೆ ಕೇಳಿದಳು. “ಬೀದಿಯಲ್ಲಿ ಒಬ್ಬರೂ ಮಾತಾಡಿಸಲ್ಲ. ನೀವಾದ್ರೂ ನಂಬ್ತೀರಲ್ವಾ, ಅವರು ಬೇಕಂತ ಮಾಡಿದ್ದಲ್ಲ ಅಂತ?”

“ಇಲ್ಲಮ್ಮ,” ಅಂದಳು ಹೌದಕ್ಕ. “ನಂಬಲ್ಲ.”

ಆಕೆಯ ಕೈಗಳು ಇನ್ನೂ ಮೇಲೆಯೇ ಇದ್ದವು. “ಇಷ್ಟು ವರ್ಷ ನಂಬ್ತೀನಿ ಅಂದಿದ್ರಿ,” ಅಂದಳು. ಆಮೇಲೆ ಕೈ ಇಳಿಸಿ, ಬಟ್ಟೆ ಅಲ್ಲೇ ಬಿಟ್ಟು, ಕನ್ನಡಿಯನ್ನೂ ನೋಡದೆ ಹೊರಟುಹೋದಳು.

ಹೌದಕ್ಕನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಮನೆಗೆ ಹೋಗಿ ಗಂಡನಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಅವನು ಉಣ್ಣುತ್ತಿದ್ದ ಕೈ ನಿಲ್ಲಿಸಿದ.

“ಹೆಡ್‌ಮಿಸ್‌ಗೂ ಹೀಗೆ ಅಂದ್ಯಾ?”

“ಇಲ್ಲ.”

“ಹಂಗಾದ್ರೆ ಬಿದ್ದವಳ ಮೇಲೊಂದು ಕಲ್ಲು ಹಾಕಿ ಬಂದೆ ಅನ್ನು.” ಯಾವಾಗಲೂ ನಗುವವನು ಅವತ್ತು ನಗಲಿಲ್ಲ.

ಗುಂಡಿಯಮ್ಮನ ಮನೆಯಲ್ಲಾದ ಮೊದಲ ನಾಚಿಕೆಯಾದರೂ ಹೊರಗಿನಿಂದ ಬಂದಿತ್ತು. ಇದು ಒಳಗಿನಿಂದ ಎದ್ದು ಬಂತು. ಜೀವಮಾನದಲ್ಲಿ ಆಡಿದ ಮೊದಲ ಎದುರುಮಾತನ್ನು ಆಕೆ ತಿರುಗಿ ಏನೂ ಮಾಡಲಾರದವಳ ಮುಂದೆ ಆಡಿದ್ದಳು. ಗೌನುಗಳನ್ನು ಅಳತೆಗೆ ಸರಿಮಾಡಿ, ಇಸ್ತ್ರಿ ಹಾಕಿ ಕೊಡಲು ಹೋದರೆ ಮನೆಗೆ ಬೀಗ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳಂತೆ ಅಂದರು ಪಕ್ಕದವರು.

ಆ ವಾರವೇ ಹೆಡ್‌ಮಿಸ್ ತಮ್ಮ ಕೋಟು ಒಯ್ಯಲು ಬಂದರು. ಕೈಯಲ್ಲೊಂದು ಕಾಗದ. “ಇನ್‌ಸ್ಪೆಕ್ಟರ್ ಪರವಾಗಿ ಸಹಿ ಹಾಕಿಸ್ತಿದೀವಿ. ನೀವೂ ಹಾಕಿ.”

ಹೌದಕ್ಕನ ಕಾಲು ಬಟ್ಟೆಯಿಲ್ಲದ ಮಿಷಿನ್ನನ್ನು ಸುಮ್ಮನೆ ತುಳಿಯುತ್ತಿತ್ತು. “ಆ ಹುಡುಗನ ತಾಯಿ ಇಲ್ಲೇ ಕೂತಿದ್ರು ಮೇಡಂ, ತೀರ್ಪು ಬಂದ ದಿನ. ನಿಮ್ಮ ಶಾಲೆ ಅಂಗಿಗೆಲ್ಲ ಗುಂಡಿ ಹಾಕಿದ್ದು ಅವರೇ. ಆ ಹುಡುಗ ಕದ್ದಿರಲಿಲ್ಲ. ನಾನು ಹೌದು ಅಂದಿದ್ದು ತಪ್ಪು.”

ಹೆಡ್‌ಮಿಸ್ ಪರದೆಯ ಕಡೆ ನೋಡಿದರು. ಬ್ಯಾಗು ಸರಿಸಿದ್ದು ನೆನಪಾಗಿರಬೇಕು. “ಮೊದಲೇ ಹೇಳಬಾರದಿತ್ತಾ?” ಅಂದರು, ಸಣ್ಣ ದನಿಯಲ್ಲಿ.

“ಹೇಳಬೇಕಿತ್ತು.”

ಅವರು ಕಾಗದ ಮಡಚಿಕೊಂಡು ಹೋದರು. ಮುಂದಿನ ವರ್ಷದ ಯೂನಿಫಾರ್ಮ್ ಬೇರೆ ಟೈಲರಿಗೆ ಹೋಯಿತು. ಅದಕ್ಕೆ ಕಾರಣ ಹೌದಕ್ಕ ಕೇಳಲಿಲ್ಲ. ನಡೆದದ್ದನ್ನು ಗುಂಡಿಯಮ್ಮನಿಗೆ ತಿಳಿಸಬೇಕು ಅಂತ ಒಂದೆರಡು ಸಲ ಅರ್ಧ ದಾರಿಯವರೆಗೂ ಹೋಗಿ ವಾಪಸ್ಸು ಬಂದಳು. ಶಹಬ್ಬಾಸ್ ಅನ್ನಿಸಿಕೊಳ್ಳಲು ಹೋದಂತೆ ಆಗುತ್ತಿತ್ತು.

ಗುಂಡಿಯಮ್ಮನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಹೊಲಿಯುವ ಕೆಲಸ ಸಿಕ್ಕಿತ್ತು. ಹೌದಕ್ಕನ ಗಂಡನ ಬಸ್ಸಿನಲ್ಲೇ ಓಡಾಡುತ್ತಿದ್ದಳು. “ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?” ಅಂತ ಹೌದಕ್ಕ ಆಗಾಗ ಕೇಳುವಳು. “ಇಲ್ಲ,” ಅನ್ನುವನು ಅವನು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯಲ್ಲ.

ಒಂದು ದಿನ ಮಾತ್ರ ಬಂದವನೇ ಹೇಳಿದ. “ಇವತ್ತು ಇಳಿಯೋವಾಗ ನಿನಗೊಂದು ಮಾತು ಹೇಳಿದ್ರು. ಆ ಕಿಟಕಿ ಹತ್ರ ಬೆಳಕು ಸಾಲದಂತೆ. ಯಾರನ್ನಾದ್ರೂ ಹೊಸಬರನ್ನ ಕೂರಿಸೋ ಮುಂಚೆ ಒಂದು ದೀಪ ಹಾಕಿಸ್ಬೇಕಂತೆ.”

ಅದು ಕ್ಷಮಿಸಿದ ಮಾತಲ್ಲ ಅಂತ ಹೌದಕ್ಕನಿಗೆ ಗೊತ್ತಿತ್ತು. ಮರುದಿನ ಬಾಗಿಲು ತೆಗೆದವಳೇ ಪರದೆಯ ಹಿಂದೆ ಹೋಗಿ ಆ ಸ್ಟೂಲಿನ ಮೇಲೆ ಕೂತಳು. ಒಮ್ಮೆಯೂ ಅಲ್ಲಿ ಕೂತವಳಲ್ಲ. ಸೂಜಿಗೆ ದಾರ ಪೋಣಿಸಲು ನೋಡಿದಳು. ಕಣ್ಣು ಕಿರಿದು ಮಾಡಿ, ಕಿಟಕಿಗೆ ಹಿಡಿದು, ತುದಿ ಒದ್ದೆ ಮಾಡಿ ಮತ್ತೆ ಮತ್ತೆ ಪ್ರಯತ್ನಿಸಿದಳು. ಸೂಜಿಯ ಕಣ್ಣು ಕಾಣಲೇ ಇಲ್ಲ.