ಕೋಲಣ್ಣನ ಎರಡೂವರೆ ಇಂಚು

ಬೆಳಿಗ್ಗೆ ಐದೂಕಾಲು. ಒಳಾಂಗಣ ಕ್ರೀಡಾಂಗಣದ ಎಂಟು ದೀಪಗಳಲ್ಲಿ ಎರಡು ಮಾತ್ರ ಉರಿಯುತ್ತಿವೆ. ಐವತ್ತೊಂಬತ್ತು ವರ್ಷದ ಸಣಕಲು ಮನುಷ್ಯರೊಬ್ಬರು ತಮ್ಮ ಎರಡರಷ್ಟು ಉದ್ದದ ಅಲ್ಯೂಮಿನಿಯಂ ಕೋಲೊಂದನ್ನು ಹೆಗಲ ಮೇಲಿಟ್ಟುಕೊಂಡು, ಬಾಗಿಲಿಗೆ ತಗುಲದಂತೆ ಓರೆ ಮಾಡಿ ಒಳಗೆ ಬರುತ್ತಾರೆ. ಚಪ್ಪಲಿ ಹೊಸ್ತಿಲಾಚೆಗೇ ಇದೆ. ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ ಏಣಿ ನಿಲ್ಲಿಸುತ್ತಾರೆ. ಕೋಲನ್ನು ನೆಲಕ್ಕೆ ನೆಟ್ಟಗೆ ಊರಿ, ಏಣಿ ಹತ್ತಿ, ಕೋಲಿನ ತುದಿಯಿಂದ ರಿಂಗಿನ ಮೇಲಂಚಿಗೆ ಹೆಬ್ಬೆರಳು ಎಳೆಯುತ್ತಾರೆ. ಬೆರಳಿಗೆ ಎಲ್ಲೂ ತಡೆಯಬಾರದು. ತಡೆಯುವುದಿಲ್ಲ.

"ಹತ್ತಡಿ. ಸರಿ ಇದೆ" ಎಂದು ತಮಗೆ ತಾವೇ ಹೇಳಿಕೊಂಡು, ಏಣಿ ಹೊತ್ತು ಆಚೆ ತುದಿಯ ರಿಂಗಿನ ಕಡೆ ನಡೆಯುತ್ತಾರೆ. ಅಲ್ಲೂ ಅದೇ ಪೂಜೆ.

ನಾನು ನಗು ತಡೆದುಕೊಂಡೆ ಎಂದರೆ ಸುಳ್ಳಾಗುತ್ತದೆ. ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣ ರಾತ್ರೋರಾತ್ರಿ ಎದ್ದು ಎಲ್ಲಿಗೆ ಹೋದೀತು? ಆದರೂ ಇವರು ಹತ್ತೊಂಬತ್ತು ವರ್ಷದಿಂದ ದಿನಾ ಅಳೆಯುತ್ತಾರೆ. ಆಟಗಾರ್ತಿಯರು ಇವರಿಗಿಟ್ಟ ಹೆಸರು ಕೋಲಣ್ಣ. ಸಂಬಳದ ದಿನ ಗುಮಾಸ್ತರೂ ಹಾಗೇ ಕರೆಯುತ್ತಾರಂತೆ.

"ಮಗಳ ಮದುವೆ ದಿನಾನೂ ಬೆಳಿಗ್ಗೆ ಕೋಲು ಹಿಡ್ಕೊಂಡು ಹೋಗಿದ್ರು ಮೇಡಂ" ಎನ್ನುತ್ತಾರೆ ಅವರ ಹೆಂಡತಿ. ಕ್ರೀಡಾಂಗಣದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಕೂತು ತಂಡದ ಬನಿಯನ್‌ಗಳಿಗೆ ನಂಬರು ಹೊಲಿಯುವವರು ಅವರೇ. "ಬೀಗರು ಕೇಳಿದ್ರು, ನಿಮ್ಮ ಯಜಮಾನ್ರು ಎಲ್ಲಿ ಅಂತ. ರಿಂಗ್ ನೋಡೋಕೆ ಹೋಗಿದಾರೆ ಅಂದೆ. ಮದುಮಗಳ ಉಂಗುರ ಅಂದ್ಕೊಂಡು ಸುಮ್ನಾದ್ರು."

ಕೋಲಣ್ಣ ಈ ಕ್ರೀಡಾಂಗಣದ ಫಿಟ್ಟರ್. ಮೂವತ್ತೊಂದು ವರ್ಷದ ನೌಕರಿ. ಹೆಸರಿಗೆ ಫಿಟ್ಟರ್ ಅಷ್ಟೇ, ನೆಲ ಒರೆಸುವುದೂ ಬಲೆ ಕಟ್ಟುವುದೂ ಸೋರುವ ನಲ್ಲಿಗೆ ವಾಷರ್ ಹಾಕುವುದೂ ಇವರ ಪಾಲಿಗೇ ಬಂದಿದೆ. ಕೋರ್ಟಿನ ಉದ್ದ ಇಪ್ಪತ್ತೆಂಟು ಮೀಟರ್, ಅಗಲ ಹದಿನೈದು. ಮೀಟರ್ ಅಗಲದ ಒರೆಸುವ ಬಟ್ಟೆಯಲ್ಲಿ ಹದಿನೈದು ಸಲ ಆ ಕಡೆಯಿಂದ ಈ ಕಡೆಗೆ, ಬೆಳಿಗ್ಗೆ ಒಂದು ಬಾರಿ, ಸಂಜೆ ಇನ್ನೊಂದು ಬಾರಿ. ಆಮೇಲೆ ಇಪ್ಪತ್ತೆರಡು ಚೆಂಡುಗಳನ್ನು ಒಂದೊಂದಾಗಿ ಒತ್ತಿ ಗಾಳಿ ನೋಡಬೇಕು. ಮಂಡಿ ನೋವಿದೆ, ಏಣಿ ಹತ್ತುವಾಗ ಗೊತ್ತಾಗುತ್ತದೆ. ಮುಂದಿನ ವರ್ಷ ನಿವೃತ್ತಿ.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದು ಇವರ ಬಗ್ಗೆ ಬರೆಯಲಿಕ್ಕಲ್ಲ. ಮೂವತ್ತನಾಲ್ಕು ವರ್ಷ ಇಲ್ಲಿ ಹುಡುಗಿಯರಿಗೆ ಆಟ ಕಲಿಸಿದ ಕೋಚ್ ಎರಡು ತಿಂಗಳ ಹಿಂದೆ ತೀರಿಕೊಂಡರು. ಊರಿಗೆಲ್ಲ ಅವರು ಬರೀ 'ಸಾರ್'. ಅಂದಿನಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಹಳೆಯ ಆಟಗಾರ್ತಿಯರು, ಅಭಿಮಾನಿಗಳು ಇಲ್ಲಿನ ಮೆಟ್ಟಿಲುಗಳ ಮೇಲೆ ಕೂತು ಸಾರ್ ಕಥೆ ಹೇಳಿಕೊಳ್ಳುತ್ತಾರೆ. ಯಾರೂ ಕರೆಯುವುದಿಲ್ಲ, ತಾವಾಗಿ ಬರುತ್ತಾರೆ. ಆ ಕಥೆಗಳನ್ನು ಬರೆದುಕೊಂಡು ಹೋಗುವುದಷ್ಟೇ ನನ್ನ ಕೆಲಸವಾಗಿತ್ತು.

ಕಥೆಗಳೇನು ಕಡಿಮೆಯೇ! ಸಾರ್ ಯಾವತ್ತೂ ದನಿ ಎತ್ತಿದವರಲ್ಲ. ಸಿಟ್ಟು ಬಂದರೆ ಬೆಂಚಿನ ಮೇಲೆ ಕೂತು ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. "ಒಂದು ಶೂ ಆದ್ರೆ ಬಚಾವ್. ಎರಡನೇ ಶೂಗೆ ಕೈ ಹಾಕಿದ್ರೋ, ನಾವು ಹೇಳಿಸ್ಕೊಳ್ದೇನೇ ಓಡೋಕೆ ಶುರು ಮಾಡ್ತಿದ್ವಿ" ಎಂದು ಒಬ್ಬಾಕೆ ನೆನೆಯುತ್ತಾರೆ. ಇನ್ನೊಬ್ಬರ ಮದುವೆಗೆ ಸಾರ್ ಟ್ರ್ಯಾಕ್ ಸೂಟಿನಲ್ಲೇ ಹೋಗಿ, ವರನ ಕೈ ಕುಲುಕಿ, "ಹುಡುಗಿ ಬಂಗಾರ ಕಣಪ್ಪ. ಎಡಗೈ ಡ್ರಿಬಲ್ ಮಾತ್ರ ವೀಕು, ನೋಡ್ಕೋ" ಅಂದಿದ್ದರಂತೆ. ಮೆಟ್ಟಿಲಿಗೆ ಮೆಟ್ಟಿಲೇ ನಗುತ್ತದೆ. ನಕ್ಕು ಮುಗಿದ ಮೇಲೆ ಯಾರೋ ಮೂಗು ಒರೆಸಿಕೊಳ್ಳುತ್ತಾರೆ.

ಎದುರು ರಸ್ತೆಯ ಕ್ಷೌರಿಕರು ಸಾರ್ ಅವರ ಅಭಿಮಾನಿಗಳಲ್ಲೆಲ್ಲ ಹಿರಿಯರು. ಎಲ್ಲರೂ ಕಾಯುವ ಕಥೆ ಅವರದೇ, ಹತ್ತೊಂಬತ್ತು ವರ್ಷದ ಹಿಂದಿನ ಫೈನಲ್ ಪಂದ್ಯದ್ದು. ಪಂದ್ಯ ಪರಸ್ಥಳದಲ್ಲಿ. ನಮ್ಮ ಹುಡುಗಿಯರು ಒಂದು ಅಂಕ ಹಿಂದೆ. ಗಡಿಯಾರದಲ್ಲಿ ಸಮಯ ಮುಗಿದಿದೆ, ಕ್ಯಾಪ್ಟನ್‌ಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎರಡು ಎಸೆತ, ಸಿಕ್ಕಿವೆ. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಕಪ್ ನಮ್ಮದು. ಎರಡೂ ಬೀಳಲಿಲ್ಲ. "ಊರಿಗೆ ಬಂದ ಮಾರನೇ ದಿನ ಪೇಪರ್‌ನೋರು ಮುತ್ಕೊಂಡ್ರು. ಹುಡುಗಿ ಹೆಸರೇ ಎತ್ತಲಿಲ್ಲ ನೋಡಿ ಸಾರ್. 'ತಪ್ಪು ನಂದು, ನಾನು ಕಲಿಸಿದ್ದೇ ಸರಿ ಇರ್ಲಿಲ್ಲ' ಅಂದ್ಬಿಟ್ರು. ಅಂಥೋರು ಎಲ್ಲಿ ಸಿಗ್ತಾರೆ ಹೇಳಿ?"

ನಾನು ಹೋದ ಮೂರನೆಯ ಭಾನುವಾರ ಕ್ಷೌರಿಕರು ಈ ಕಥೆ ಮುಗಿಸುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಮೂವತ್ತೇಳರ ಆಸುಪಾಸು, ಕುತ್ತಿಗೆಯಲ್ಲಿ ಡ್ರೈವಿಂಗ್ ಸ್ಕೂಲಿನ ಗುರುತಿನ ಚೀಟಿ. ಕೋಲಣ್ಣ ಎಲ್ಲರಿಗೂ ನೀರು ಕೊಡುತ್ತಿದ್ದವರು ಲೋಟದ ತಟ್ಟೆ ಹಿಡಿದು ನಿಂತಲ್ಲೇ ನಿಂತರು.

"ಆ ಹುಡುಗಿ ನಾನೇ" ಎಂದರು ಆಕೆ. "ಸಾರ್ ನನ್ನ ಉಳಿಸೋಕೆ ಹಾಗಂದ್ರು ಅಂತ ನಂಗೆ ಗೊತ್ತು. ತಪ್ಪು ನಂದೇ. ಕೈ ನಡುಗ್ತು. ಆಮೇಲೆ ನಾನು ಚೆಂಡು ಮುಟ್ಟಿಲ್ಲ. ಅವರ ಕೊನೇ ದಿನಗಳಲ್ಲಿ ಆಸ್ಪತ್ರೆಗೆ ಹೋಗಿ ಕ್ಷಮಿಸಿ ಸಾರ್ ಅಂದೆ. ಅಷ್ಟೊತ್ತಿಗೆ ಅವರಿಗೆ ಮಾತು ನಿಂತಿತ್ತು. ನನ್ನ ಕೈ ಹಿಡ್ಕೊಂಡು ತಲೆ ಅಲ್ಲಾಡಿಸ್ತಾನೇ ಇದ್ರು, ಇಲ್ಲ ಇಲ್ಲ ಅನ್ನೋ ಹಾಗೆ. ಕ್ಷಮಿಸಲ್ಲ ಅಂದ್ರೇನೋ."

ಆಕೆ ಅವಸರದಲ್ಲಿ ಹೊರಟುಹೋದರು. ಕೋಲಣ್ಣ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಸಾಮಾನು ಕೋಣೆಗೆ ಹೋದವರು ಆ ದಿನ ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವರು ಆಗಲೇ ಅಳತೆ ಮುಗಿಸಿ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ಈ ಕೋಲಿನ ಕಥೆ ಏನು ಎಂದು ಕೇಳಿದೆ. ಕೇಳಿದ್ದು ತಮಾಷೆಗೆ.

"ಆ ಫೈನಲ್ ಆಯ್ತಲ್ಲ, ಆ ವರ್ಷಾನೇ ಈ ಮರದ ನೆಲ ಹಾಕಿದ್ದು ಮೇಡಂ. ಅದಕ್ಕೂ ಮುಂಚೆ ಸಿಮೆಂಟು. ರಿಂಗ್ ಬಿಚ್ಚಿ ಮತ್ತೆ ಕೂರಿಸೋ ಕೆಲಸ ನಂದು. ಟೇಪ್ ಹಿಡಿದು ಹತ್ತಡಿ ಸರಿಯಾಗಿ ಅಳೆದು ಬಿಗಿದೆ. ಆದ್ರೆ ಅಳೆದಿದ್ದು ಸಿಮೆಂಟಿನಿಂದ. ಹಲಗೆ ಆಮೇಲೆ ಹಾಕಿದ್ರು. ಅಡಿಪಟ್ಟಿ, ಹಲಗೆ ಎಲ್ಲಾ ಸೇರಿ ಎರಡೂವರೆ ಇಂಚು. ನೆಲ ಮೇಲೆ ಬಂತು, ರಿಂಗ್ ಅಲ್ಲೇ ಉಳೀತು. ಮತ್ತೆ ಅಳೆದು ನೋಡಬೇಕಿತ್ತು. ನೋಡಲಿಲ್ಲ."

ಎರಡೂವರೆ ಇಂಚು ಎಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ರೂಢಿಯಾಗಿಬಿಡುತ್ತದೆ. ಮೂರು ತಿಂಗಳು ಆ ಹುಡುಗಿಯರು ತಗ್ಗಿನ ರಿಂಗಿಗೆ ಎಸೆದೆಸೆದು ಕೈ ಪಳಗಿಸಿಕೊಂಡರು. ಫೈನಲ್‌ನಲ್ಲಿ ಸರಿಯಾದ ಎತ್ತರದ ರಿಂಗು ಸಿಕ್ಕಿತು. ತಂಡದ ಹನ್ನೊಂದು ಫ್ರೀ ಥ್ರೋ ತಪ್ಪಿದವು, ಬಹುಪಾಲು ಮುಂದಿನ ಅಂಚಿಗೇ ಬಡಿದು.

ಅದನ್ನು ಮೊದಲು ಗಮನಿಸಿದವರು ಸಾರ್. ಸೋತು ಬಂದ ಮರುದಿನ ಬೆಳಿಗ್ಗೆ ಕೋಲಣ್ಣ ನೆಲ ಒರೆಸಲು ಬಂದರೆ, ಸಾರ್ ಏಣಿಯ ಮೇಲೆ ಟೇಪ್ ಹಿಡಿದು ನಿಂತಿದ್ದರು. ಇಳಿದು ಬಂದು ಬೆಂಚಿನ ಮೇಲೆ ಕೂತು ಒಂದು ಶೂ ಬಿಚ್ಚಿ ಕಟ್ಟಿದರು. ಆಮೇಲೆ ಇನ್ನೊಂದು.

"ಸಾರ್ ಬೈಲಿಲ್ಲ. 'ಸಂಜೆಯೊಳಗೆ ಎತ್ತಿ ಕೂರಿಸು. ಯಾರ ಹತ್ರಾನೂ ಬಾಯಿ ಬಿಡಬೇಡ. ತಪ್ಪು ನಂದು ಅಂದ್ರೆ ನಾಲ್ಕು ದಿನ ಬೈದು ಸುಮ್ಮನಾಗ್ತಾರೆ. ನಿಂದು ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಾರೆ ಕಣಯ್ಯ' ಅಂದ್ರು. ಆಗ ನಾನಿನ್ನೂ ಪರ್ಮನೆಂಟ್ ಆಗಿರ್ಲಿಲ್ಲ. ಅದೇ ವಾರ ಈ ಕೋಲು ತಂದು ಕೊಟ್ರು. ಹತ್ತಡಿಗೆ ಕತ್ತರಿಸಿದ್ದು. 'ಟೇಪ್ ನಂಬಬೇಡ, ಇದನ್ನ ನೆಲಕ್ಕೆ ಊರಿ ನೋಡು' ಅಂದ್ರು."

ಇಷ್ಟೇ ಆಗಿದ್ದರೆ ಭಾನುವಾರದ ಮೆಟ್ಟಿಲುಗಳ ಮೇಲೆ ಹೇಳಲು ಇನ್ನೊಂದು ಒಳ್ಳೆಯ ಕಥೆ ಸಿಕ್ಕಿತು ಎಂದು ನಾನು ಪುಸ್ತಕ ಮುಚ್ಚಿಬಿಡುತ್ತಿದ್ದೆ. ಕೋಲಣ್ಣ ಬಿಡಲಿಲ್ಲ.

"ಕ್ಯಾಪ್ಟನಮ್ಮ ನಾಲ್ಕು ದಿನ ಅತ್ತು ಬರ್ತಾಳೆ ಅಂತ ಸಾರ್ ಅಂದ್ಕೊಂಡಿದ್ರು. ಬರ್ಲಿಲ್ಲ. ಎರಡು ಸಲ ಮನೆಗೆ ಹೋದ್ರು, ಆ ಹುಡುಗಿ ಕೋಣೆ ಬಿಟ್ಟು ಹೊರಗೆ ಬರ್ಲಿಲ್ಲ. ಆಗ ನನ್ನ ಕೇಳಿದ್ರು ಮೇಡಂ. 'ಅವಳೊಬ್ಬಳಿಗೆ ಹೇಳಿಬಿಡೋಣ್ವಾ?' ಅಂತ. ನಾನು, ಮಗಳ ಪರೀಕ್ಷೆ ಮುಗೀಲಿ ಸಾರ್ ಅಂದೆ. ಮುಂದಿನ ವರ್ಷ ಮತ್ತೆ ಕೇಳಿದ್ರು. ಪರ್ಮನೆಂಟ್ ಆಗ್ಲಿ ಸಾರ್ ಅಂದೆ. ಪರ್ಮನೆಂಟ್ ಆಯ್ತು. ಆಮೇಲೆ ಅವರೂ ಕೇಳೋದು ಬಿಟ್ರು, ನಾನೂ ಹೇಳಲಿಲ್ಲ." ಕೋಲನ್ನು ಗೋಡೆಗೆ ಒರಗಿಸಿ, "ಆಸ್ಪತ್ರೇಲಿ ತಲೆ ಅಲ್ಲಾಡಿಸಿದ್ದು ಕ್ಷಮಿಸಲ್ಲ ಅಂತ ಅಲ್ಲ. ನಿನ್ನ ತಪ್ಪಲ್ಲ ಅಂತ. ಅದು ಅರ್ಥ ಆಗೋನು ಲೋಕದಲ್ಲಿ ನಾನೊಬ್ನೇ ಇದ್ದೆ. ಅಲ್ಲಿ ಇರ್ಲಿಲ್ಲ" ಎಂದರು.

ಬರೆಯಬೇಡಿ ಎಂದು ಅವರು ಹೇಳಲಿಲ್ಲ. "ಅವರಿಗೆ ಹೇಳಿದ ಮೇಲೆ ಬರೀರಿ" ಎಂದರು.

ಹಾಗಾಗಿ ಆ ಗುರುವಾರ ನಾವಿಬ್ಬರೂ ಡ್ರೈವಿಂಗ್ ಸ್ಕೂಲಿಗೆ ಹೋದೆವು. ಪುರುಸೊತ್ತಿಲ್ಲದ ಜಾಗ, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಆಕೆಯ ಹತ್ತಿರ ಮಾತಾಡಲು ಇದ್ದ ಒಂದೇ ದಾರಿ ಪಾಠಕ್ಕೆ ಸೇರುವುದು. ಸೈಕಲ್ಲಿನ ಬೆಲ್ ಬಿಟ್ಟು ಬೇರೇನೂ ಒತ್ತಿ ಗೊತ್ತಿಲ್ಲದ ಕೋಲಣ್ಣ ಸ್ಟೇರಿಂಗ್ ಹಿಡಿದು ಕೂತರು. ಪಕ್ಕದಲ್ಲಿ ಆಕೆ, ಹಿಂದಿನ ಸೀಟಿನಲ್ಲಿ ನಾನು. ಕಾರು ಎರಡು ಸಲ ಜಿಗಿದು ನಿಂತುಹೋಯಿತು.

"ಪರವಾಗಿಲ್ಲ ಅಣ್ಣ, ತಪ್ಪು ನಂದು. ನಾನು ಸರಿಯಾಗಿ ಹೇಳಲಿಲ್ಲ" ಎಂದರು ಆಕೆ. ಕಲಿಯಲು ಬರುವ ಎಲ್ಲರಿಗೂ ಹಾಗೇ ಹೇಳುತ್ತಾರಂತೆ.

ಕೋಲಣ್ಣ ಸ್ಟೇರಿಂಗ್ ಬಿಡದೆ, ಮುಂದಿನ ಗಾಜನ್ನೇ ನೋಡುತ್ತ ಎಲ್ಲವನ್ನೂ ಹೇಳಿದರು. ಸಿಮೆಂಟು, ಹಲಗೆ, ಮಗಳ ಪರೀಕ್ಷೆ, ಪರ್ಮನೆಂಟ್, ಕೊನೆಗೆ ಆಸ್ಪತ್ರೆ. ತಮ್ಮ ಪರವಾಗಿ ಒಂದು ಮಾತೂ ಸೇರಿಸಲಿಲ್ಲ.

ಆಕೆ ಬಗ್ಗಿ ಬಲಗಾಲಿನ ಶೂ ಲೇಸ್ ಬಿಚ್ಚಿದರು. ಕಟ್ಟಿದರು. ಎಡಗಾಲಿಗೆ ಕೈ ಹಾಕಿದರು. ಹಿಂದೆ ಕೂತ ನನಗೇ ಇಳಿದು ಓಡಿಬಿಡೋಣ ಅನ್ನಿಸಿತು.

"ಸಾರ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ. ನಾನು ಬೇಡ ಅಂದೆ."

"ನನಗೆ ಹದಿನೆಂಟು ವರ್ಷ ಅಣ್ಣ ಆಗ" ಎಂದರು ಆಕೆ. ದನಿ ಎತ್ತಲಿಲ್ಲ. "ನಿಮ್ಮ ಮಗಳಿಗೆ ಪರೀಕ್ಷೆ ಇತ್ತು, ಸರಿ. ನಂಗೂ ಒಬ್ಬ ಅಪ್ಪ ಇದ್ರು. ಮಗಳು ಮತ್ತೆ ಆಡೋದನ್ನ ನೋಡ್ಬೇಕು ಅಂತ ಕಾಯ್ತಾನೇ ತೀರ್ಕೊಂಡ್ರು." ಆಮೇಲೆ ಬಾಗಿಲು ತೆಗೆದು, "ಇಳೀರಿ, ಮುಂದಿನೋರು ಕಾಯ್ತಿದಾರೆ" ಎಂದರು.

ಸಾರ್ ಮೇಲೆ ನನಗೂ ಸಿಟ್ಟಿದೆ, ಮುಚ್ಚಿಡುವುದೇಕೆ? ಒಬ್ಬನ ಅನ್ನ ಉಳಿಸಿದವರು, ಹದಿನೆಂಟರ ಹುಡುಗಿ ಅದರ ಬೆಲೆ ತೆರುತ್ತಿದ್ದಾಳೆಂದು ಗೊತ್ತಾದ ಮೇಲೂ ಸುಮ್ಮನಿದ್ದರು. ಮನೆಯ ಮುಂದೆ ಎರಡು ಸಲ ಹೋಗಿ ನಿಂತವರು ಬಾಗಿಲಾಚೆಯಿಂದ ಒಂದು ಮಾತು ಕೂಗಿ ಹೇಳಬಹುದಿತ್ತು. ಇದನ್ನು ಕ್ಷೌರಿಕರಿಗೆ ಹೇಳಿದೆ. ಅವರು ಬಹಳ ಹೊತ್ತು ಕನ್ನಡಿ ಒರೆಸುತ್ತಿದ್ದು, "ಆ ಕಥೆ ಇನ್ಮೇಲೆ ನಾನು ಹೇಳಲ್ಲ" ಎಂದರು. ಅಭಿಮಾನಿಗಳಿಂದ ಒಂದು ಕಥೆ ಕಿತ್ತುಕೊಂಡ ಪಾಪ ನನಗೂ ಸ್ವಲ್ಪ ಸುತ್ತಿಕೊಂಡಿದೆ.

ನಂತರದ ಎರಡು ಭಾನುವಾರವೂ ಆಕೆ ಬರಲಿಲ್ಲ. ಒಮ್ಮೆ ನನಗೆ ಫೋನ್ ಮಾಡಿದರು. ಈ ಲೇಖನ ಬರೆಯಬಹುದೇ ಎಂದು ನಾನು ಕೇಳುವ ಮೊದಲೇ, "ಬರ್ಕೊಳ್ಳಿ" ಎಂದರು. ಆಮೇಲೆ, "ಎಷ್ಟು ಅಂದ್ರು ಅವರು? ಎರಡೂವರೆ ಇಂಚಾ?" ಎಂದು ಕೇಳಿದರು. ಹೌದು ಎಂದೆ. "ನಂದು ಎರಡೂ ಮುಂದಿನ ಅಂಚಿಗೇ ಬಡಿದಿದ್ದು. ಕೈ ನಡುಗ್ತು ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ನಿಜವಾಗ್ಲೂ ನಡುಗಿತ್ತಾ ಅಂತ ಈಗ ನೆನಪೇ ಆಗ್ತಿಲ್ಲ" ಎಂದು ಇಟ್ಟುಬಿಟ್ಟರು.

ಇದನ್ನು ಕೋಲಣ್ಣನಿಗೆ ತಿಳಿಸಲು ಇವತ್ತು ಬೆಳಿಗ್ಗೆ ಬಂದಿದ್ದೇನೆ. ಅವರು ಕೇಳಿಸಿಕೊಂಡು ತಲೆ ತಗ್ಗಿಸುತ್ತಾರೆ. ಕ್ಷಮಿಸಿದರಾ ಎಂದು ಕೇಳುವುದಿಲ್ಲ. ಇನ್ನೊಂದು ವರ್ಷದಲ್ಲಿ ನಿವೃತ್ತಿಯಾದರೆ ಕೋಲು ಯಾರಿಗೆ ಕೊಡುತ್ತೀರಿ ಎಂದರೆ, ಅದನ್ನು ಯೋಚಿಸಿಲ್ಲ ಎನ್ನುತ್ತಾರೆ. ಏನಾದರೂ ಆಸೆ ಇದೆಯೇ?

"ಅವರು ಒಂದು ಸಲ ಬಂದು ಎರಡು ಎಸೆದ್ರೆ ಸಾಕು. ಬೀಳ್ಲಿ, ಬಿಡ್ಲಿ. ನನ್ನ ಜೊತೆ ಮಾತಾಡೋದೂ ಬೇಡ."

ಹಾಗೆಂದು ಏಣಿಯನ್ನು ಎತ್ತಿ ಇನ್ನೊಂದು ತುದಿಗೆ ಹೊರಡುತ್ತಾರೆ. ಆ ಕಡೆಯ ರಿಂಗನ್ನು ನಾನು ಬರುವ ಮೊದಲೇ ಅಳೆದಾಗಿದೆ ಎಂದು ಅವರೇ ಹೇಳಿದ್ದರು. ನೆನಪಿಸಿದರೆ, ಏಣಿ ಹತ್ತುತ್ತಲೇ ಉತ್ತರಿಸುತ್ತಾರೆ.

"ಅವರು ಯಾವ ಕಡೆಗೆ ಎಸೀತಾರೋ ಗೊತ್ತಿಲ್ವಲ್ಲ ಮೇಡಂ."