ಓದ್ರಿ, ಆಮೇಲೆ ಒತ್ರಿ

ಚಿತ್ರದುರ್ಗದ ಕಾಲೇಜಿನಲ್ಲಿ ನಮಗೆ ಕ್ಲೌಡ್ ಕಂಪ್ಯೂಟಿಂಗ್ ಪಾಠ ಮಾಡುತ್ತಿದ್ದ ಮೇಡಂ, ಕಮಾಂಡ್ ಟೈಪ್ ಮಾಡಿದ ಕೂಡಲೇ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಬಿಡುತ್ತಿದ್ದರು. ಎಂಟರ್ ಒತ್ತುವ ಆತುರ ಅವರಿಗೂ ಇತ್ತೇನೋ. "ಓದ್ರಿ, ಆಮೇಲೆ ಒತ್ರಿ" ಎನ್ನುವುದೇ ಅವರ ದಿನನಿತ್ಯದ ಮಾತು.

ಪ್ರಾಕ್ಟಿಕಲ್ ಪರೀಕ್ಷೆಗೆ ತಲೆಗೊಂದು ವರ್ಚುವಲ್ ಮಷೀನ್, ಅಂದರೆ ದೂರದ ಸರ್ವರಿನೊಳಗೆ ಓಡುವ ಕಂಪ್ಯೂಟರ್, ಬೇಕಿತ್ತು. ಕಾಲೇಜಿನ ನೆಟ್ ಕೈಕೊಟ್ಟು, ಅವನ್ನು ಮಾಡುವ ವೆಬ್‌ಪೇಜೇ ಅವತ್ತು ತೆರೆಯಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಮುಂದಕ್ಕೆ ಹಾಕಾಣ" ಎಂದು ಎದ್ದೇಬಿಟ್ಟರು.

"ಕುಂತ್ಕಳ್ರಿ ಸಾರ್. ಪೇಜು ಬರದಿದ್ರೆ ಬ್ಯಾಡ, ಕಮಾಂಡಿನ ನಾಕು ಅಕ್ಷರ ಹೋದ್ರೆ ಸಾಕು. ನನ್ನ ಮೊಬೈಲ್ ನೆಟ್‌ನಾಗೆ ಅಷ್ಟು ಹೋಗ್ತೈತೆ" ಎಂದರು ಮೇಡಂ.

ಕಂಪ್ಯೂಟರನ್ನು ಮೊಬೈಲ್ ನೆಟ್‌ಗೆ ಜೋಡಿಸಿ, ಕಮಾಂಡ್ ಬರೆಯುವ ಕಪ್ಪು ಪರದೆ ತೆರೆದು, ಒಬ್ಬೊಬ್ಬರ ಮಷೀನಿಗೂ ಅವರವರ ಊರಿನ ಹೆಸರಿಟ್ಟು, ಒಂದೇ ಉದ್ದನೆಯ ಕಮಾಂಡ್ ಬರೆದರು. ಕೈ ಸೆರಗಿನೊಳಗೆ ಹೋಯಿತು. ನಾನು ಗಟ್ಟಿಯಾಗಿ ಓದಿದೆ.

"ಮೇಡಂ, ಮಾಡದಕೆರೆ ಹೋಗಿ ಮಾಡಕೆರೆ ಆಗೈತ್ರಿ!"

ನಕ್ಕು ತಿದ್ದಿದರು. "ನಿಮ್ಮೂರು, ನೀನೇ ಒತ್ತಮ್ಮ."

ಒತ್ತಿದೆ. ಸಿರಿಗೆರೆ, ಹಿರಿಯೂರು, ಹೊಳಲ್ಕೆರೆ ಸಾಲಾಗಿ ಬಂದವು, ಪ್ರತಿಯೊಂದರ ಮುಂದೆ 'ರನ್ನಿಂಗ್'. ಕೊನೆಗೆ ಮಾಡದಕೆರೆಯೂ ಬಂತು. ಪರೀಕ್ಷಕರು ಇದ್ದಾರೆಂಬುದನ್ನೇ ಮರೆತು ಕೂಗಿದೆ: "ಮೇಡಂ, ನಮ್ಮೂರು ಓಡ್ತೈತ್ರಿ!"

ಸೆರಗಿನಿಂದ ಆಚೆ ಬಂದ ಆ ಎರಡು ಕೈಗಳೇ ಮೊದಲು ಚಪ್ಪಾಳೆ ತಟ್ಟಿದವು.