ಮನುಷ್ಯರಿಲ್ಲದ ಓಣಿ ಬರೆದ ಇಮಾಮಸಾಬರು

೧೯೭೯ರ ಬೇಸಿಗೆಯಲ್ಲಿ ಲಕ್ಷ್ಮೇಶ್ವರದಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯೊಂದು ಹೊಸ ರಸ್ತೆ ಪರದೆ ಇಳಿಬಿಟ್ಟಿತು. ಅದರ ಮೇಲಿದ್ದದ್ದು ಆ ಊರಿನದೇ ಒಂದು ಓಣಿ. ಮನೆಗಳು, ಕಟ್ಟೆಗಳು, ನಳ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಎಲ್ಲವೂ ಇದ್ದವು. ಮನುಷ್ಯರು ಒಬ್ಬರೂ ಇರಲಿಲ್ಲ. ಬರೆದವರು ಇಮಾಮಸಾಬರು.

ರಸ್ತೆ ಪರದೆ ಇಲ್ಲದೆ ಕಂಪನಿ ನಾಟಕ ನಡೆಯುವುದಿಲ್ಲ. ರಂಗದ ಹಿಂಭಾಗದಲ್ಲಿ ಅರಮನೆಯ ದೃಶ್ಯ ತೆಗೆದು ಕಾಡಿನದು ನಿಲ್ಲಿಸುವಷ್ಟು ಹೊತ್ತು ಅದನ್ನು ಇಳಿಬಿಡುತ್ತಾರೆ. ಅದರ ಮುಂದೆ ಹಾಸ್ಯಗಾರ ಬಂದು ಜನರನ್ನು ನಗಿಸುತ್ತಾನೆ. ಬೇರೆ ಪೇಂಟರುಗಳು ಬರೆಯುತ್ತಿದ್ದದ್ದು ಮುಂಬಯಿಯಂಥ ರಸ್ತೆ: ಎತ್ತರದ ಕಟ್ಟಡ, ದೀಪದ ಕಂಬ, ಮೂಲೆಯಲ್ಲೊಂದು ಮೋಟಾರು. ಇಮಾಮಸಾಬರು ಕ್ಯಾಂಪು ಬಿದ್ದ ಊರಿನ ಓಣಿಯಲ್ಲೇ ಕೆಲವು ದಿನ ತಿರುಗಾಡಿ, ಚಹಾ ಕುಡಿದು, ಅದನ್ನೇ ಬರೆಯುತ್ತಿದ್ದರು.

ಅವರ ಊರೂ ಲಕ್ಷ್ಮೇಶ್ವರವೇ. ಕೆಲಸದ ಜಾಗ ಮಾತ್ರ ಬೆಟಗೇರಿಯಲ್ಲಿ, ಮಗ್ಗಗಳು ನಿಂತುಹೋಗಿದ್ದ ಒಂದು ಉದ್ದನೆಯ ಶೆಡ್ಡಿನಲ್ಲಿ. ಬಟ್ಟೆಯನ್ನು ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಮೇಲೆಯೇ ನಡೆಯುತ್ತ, ಕೋಲಿಗೆ ಕಟ್ಟಿದ ಕುಂಚದಿಂದ ಬರೆಯುತ್ತಿದ್ದರು. ಗದುಗಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದ ನಾನು ಮೊದಲ ಸಲ ಅಲ್ಲಿಗೆ ಹೋದಾಗ ಅವರು ತಲೆ ಎತ್ತದೆ ಹೇಳಿದರು: “ಸಾವಕಾಶ ಬರ್ರಿ. ದುರಗಪ್ಪನ ಕಟ್ಟಿ ತುಳದೀರಿ, ಹಸೀ ಐತಿ.” ದುರಗಪ್ಪ ಯಾರೆಂದು ನನಗೆ ಗೊತ್ತಿರಲಿಲ್ಲ. ಕಟ್ಟೆ ತಪ್ಪಿಸಿ, ಇನ್ನಾರದೋ ಅಂಗಳದಲ್ಲಿ ಕಾಲಿಟ್ಟು ನಿಂತೆ.

ಮನುಷ್ಯರನ್ನು ಬರೆಯಬಾರದೆಂಬುದು ಅವರ ಕಟ್ಟುನಿಟ್ಟಿನ ನಿಯಮ. ಆ ಓಣಿಯ ಕಿರಾಣಿ ಅಂಗಡಿಯ ಶೆಟ್ಟರು ತಮ್ಮನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂತಂತೆ ಬರೆಯಿರಿ ಎಂದು ದುಂಬಾಲು ಬಿದ್ದಿದ್ದರು. ಇಮಾಮಸಾಬರು ಒಪ್ಪಲಿಲ್ಲ. “ಒಮ್ಮೆ ಬರದ್ರ ನೀವು ಅಲ್ಲೇ ಕುಂತುಬಿಡ್ತೀರಿ ಶೆಟ್ರ. ನಾಟಕದಾಗ ಮಳಿ ಬಂದ್ರೂ ಕುಂತಿರ್ತೀರಿ, ಹೆಣಾ ಹೋದ್ರೂ ಕುಂತಿರ್ತೀರಿ. ನೋಡಿದ ಮಂದಿ ಏನಂದಾರು?” ಅದರ ಬದಲು ಅಂಗಡಿಯ ಬಾಗಿಲಿಗೆ ಶೆಟ್ಟರ ಹರಿದ ಛತ್ರಿ ತೂಗುಹಾಕಿದರು. ಪರದೆ ಇಳಿದ ರಾತ್ರಿ ಇಡೀ ಟೆಂಟು “ಶೆಟ್ರ ಛತ್ರಿ, ಶೆಟ್ರ ಛತ್ರಿ” ಅಂದಿತು. ಮರುದಿನ ಶೆಟ್ಟರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು.

ಎಲ್ಲರ ಗುರುತೂ ಹೀಗೆಯೇ. ದುರಗಪ್ಪನ ಕಟ್ಟೆಯ ಮೇಲೆ ಎಲೆಯಡಿಕೆ ಚೀಲ, ಪಿಂಜಾರರ ಮನೆಯ ಗೋಡೆಗೆ ಒರಗಿದ, ಹತ್ತಿ ಹಿಂಜುವ ಬಿಲ್ಲು, ಮಾಸ್ತರರ ಮನೆ ಮುಂದೆ ಚೈನಿಲ್ಲದ ಸೈಕಲ್ಲು. ಪರದೆಯ ನಟ್ಟನಡುವೆ ಬಸವ್ವನ ಮನೆ. ಮುಚ್ಚಿದ ಹಸಿರು ಬಾಗಿಲು, ಪಕ್ಕದಲ್ಲಿ ತುಳಸಿ ನೆಟ್ಟ ಎಣ್ಣೆ ಡಬ್ಬಿ.

ತೊಂದರೆ ಬಂದದ್ದು ಆ ಬಾಗಿಲಿನಿಂದ. ಬಸವ್ವನ ಗಂಡ ಮನೆ ಬಿಟ್ಟುಹೋಗಿ ವರ್ಷಗಳಾಗಿದ್ದವು. ಆಕೆ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಬೆಳೆಸಿದ್ದಳು. ಕಂಪನಿಯ ಹಾಸ್ಯಗಾರ ಪರವೂರಿನವನು, ಅವನಿಗೆ ಇದು ಗೊತ್ತಿರಲಿಲ್ಲ. ಬೆಳಕು ಚೆನ್ನಾಗಿ ಬೀಳುವುದು ನಡುವಿನಲ್ಲಿ ಎಂದು ಅವನು ಕುಡುಕನ ವೇಷದಲ್ಲಿ ಆ ಬಾಗಿಲನ್ನೇ ಬಡಿದ.

“ಏ ಇವಳ, ಬಾಗಲಾ ತಗಿ.”

ಪರದೆಯ ಹಿಂದಿನಿಂದ ಹೆಣ್ಣಿನ ದನಿ: “ಯಾಂವಲೇ ಅಂವಾ?”

“ನಿನ್ನ ಗಂಡ.”

“ಎಷ್ಟನೇದಾಂವ?”

ಈ ಮಾತು ಪ್ರತಿ ಊರಿನಲ್ಲೂ ನಡೆಯುವಂಥದ್ದೇ. ಲಕ್ಷ್ಮೇಶ್ವರದಲ್ಲಿ ಜನ ಬಿದ್ದುಬಿದ್ದು ನಕ್ಕರು. ಮರುದಿನ ನಳದ ಹತ್ತಿರ ಹುಡುಗರು ಬಸವ್ವನ ಮಗಳು ಶಾಂತವ್ವನನ್ನು ನೋಡಿ ಅದನ್ನೇ ಆಡಿದರು. ಆ ವಾರವೇ ಮುಂಡರಗಿಯಿಂದ ಶಾಂತವ್ವನನ್ನು ನೋಡಲು ಬರುವವರಿದ್ದರು. ಬಂದ ಬೀಗರನ್ನು ನಾಟಕಕ್ಕೆ ಕರೆದೊಯ್ಯುವುದು ಆಗಿನ ರೂಢಿ. ಕರೆಯದಿದ್ದರೆ ಯಾಕೆಂದು ಕೇಳುತ್ತಾರೆ. ಕರೆದರೆ ಆ ಬಾಗಿಲು, ಆ ನಗು.

ಬಸವ್ವ ಟೆಂಟಿಗೆ ಬಂದಾಗ ನಾನು ಅಲ್ಲಿಯೇ ಇದ್ದೆ. ಆಕೆ ಜಗಳ ಮಾಡಲಿಲ್ಲ, ಸೆರಗು ಹಿಡಿದು ನಿಂತು ಆದದ್ದನ್ನು ಹೇಳಿದಳು. ಇಮಾಮಸಾಬರು ಎದ್ದು ಹಾಸ್ಯಗಾರನ ಬಳಿ ಹೋದರು. ಚಪ್ಪಾಳೆ ಬೀಳುವ ಜಾಗ ಅದೊಂದೇ, ಅದನ್ನು ಬಿಡಲಾರೆ ಎಂದ ಅವನು. ಜನ ಆ ನಗುವಿಗಾಗಿಯೇ ಎರಡನೇ ಸಲ ಬರುತ್ತಾರೆ ಎಂದ ಕಂಪನಿಯ ಮಾಲಕ. ವಾಪಸು ಬಂದ ಇಮಾಮಸಾಬರು ಬಾಗಿಲು ಅಳಿಸಿ ಅಲ್ಲಿ ಬರೀ ಗೋಡೆ ಮಾಡುತ್ತೇನೆ ಎಂದರು.

ಬಸವ್ವ ತಲೆ ಅಲ್ಲಾಡಿಸಿದಳು. “ಬ್ಯಾಡಣ್ಣಾ. ಎಲ್ಲಾರ ಮನೀನೂ ಇರಬೇಕು, ನಮ್ಮದೊಂದ ಇರಬಾರದೇನು? ಮೊದಲೇ ಮಂದಿ ನಮ್ಮನ್ನ ಲೆಕ್ಕಕ್ಕ ಹಿಡಿಯೂದಿಲ್ಲ.”

“ಮತ್ತ ಏನ ಮಾಡ್ಲಿ ತಂಗಿ?”

“ಬಾಗಲಾ ತಗದಂಗ ಬರೀರಿ. ನಮ್ಮ ಮನಿ ಬಾಗಲಾ ಹಗಲೊತ್ತು ಯಾವತ್ತ ಮುಚ್ಚೇತಿ? ನೀವ ಬಂದಾಗ ನಾ ಸಂತೀಗೆ ಹೋಗಿದ್ದೆ.”

ಇಮಾಮಸಾಬರು ಪರದೆ ಇಳಿಸಿ ಹಾಸಲು ಹೇಳಿದರು. ಪರದೆಯ ಬಣ್ಣ ಅಂಟಿನ ನೀರಿನಲ್ಲಿ ಕಲಸಿದ ಪುಡಿ. ಒಂದರ ಮೇಲೊಂದು ದಪ್ಪಗೆ ಹಚ್ಚಿದರೆ ಕೋಲಿಗೆ ಸುತ್ತಿದಾಗ ಬಿರಿಯುತ್ತದೆ. ಅದಕ್ಕೇ ಒದ್ದೆ ಅರಿವೆಯಿಂದ ಬಾಗಿಲಿನ ಹಸಿರನ್ನು ಮೆಲ್ಲಗೆ ಒರೆಸಿ ತೆಗೆದರು. ಅಲ್ಲಿ ಒಳಮನೆಯ ಕತ್ತಲೆ ತುಂಬಿದರು. ಕತ್ತಲೆಯೊಳಗೆ ಒಲೆಯ ಕೆಂಪು, ಬುಟ್ಟಿಯಲ್ಲಿ ಜೋಡಿಸಿಟ್ಟ ರೊಟ್ಟಿ. ಹಾಸ್ಯಗಾರನಿಗೆ ಯಾರೂ ಏನೂ ಹೇಳಲಿಲ್ಲ.

ಮುಂಡರಗಿಯವರು ಬಂದ ದಿನ ನಾಟಕಕ್ಕೆ ಬಸವ್ವನೇ ಅವರನ್ನು ಕರೆತಂದು ಕೂರಿಸಿದಳು. ರಸ್ತೆ ಪರದೆ ಇಳಿಯಿತು. ಹಾಸ್ಯಗಾರ ತೂರಾಡುತ್ತ ಬಂದು ಕೈ ಎತ್ತಿದ. ಬಡಿಯಲು ಬಾಗಿಲಿರಲಿಲ್ಲ. ಎತ್ತಿದ ಕೈ ಹಾಗೆಯೇ ನಿಂತಿತು. ಅಷ್ಟರಲ್ಲಿ ಹಿಂದಿನ ದನಿ ರೂಢಿಯಂತೆ ಕೇಳಿತು: “ಯಾಂವಲೇ ಅಂವಾ?”

ಹಾಸ್ಯಗಾರ ಒಳಗೆ ಇಣುಕಿ ನೋಡಿದ. ರೊಟ್ಟಿಯ ಬುಟ್ಟಿ ಕಂಡಿತು. ಟೋಪಿ ತೆಗೆದು ಕೈ ಮುಗಿದ. “ಯಾರೂ ಅಲ್ಲಬೇ ಯವ್ವಾ. ಉಂಡಿಲ್ಲ, ದಾರಿ ತಪ್ಪಿ ಬಂದೇನಿ.”

ಟೆಂಟು ನಕ್ಕಿತು, ಮುಂಡರಗಿಯವರೂ ನಕ್ಕರು. ಇಮಾಮಸಾಬರು ಪರದೆ ಎಳೆಯುವವನ ಪಕ್ಕದಲ್ಲಿ ನಿಂತು ಬೀಡಿ ಹಚ್ಚುತ್ತಿದ್ದರು. ಆ ಕ್ಯಾಂಪು ಮುಗಿಯುವವರೆಗೆ ಹಾಸ್ಯಗಾರ ಅದೇ ಮಾತನ್ನು ಉಳಿಸಿಕೊಂಡ. ಶಾಂತವ್ವನ ಮದುವೆ ಅದೇ ವರ್ಷ ಆಯಿತು.

ಎಂಬತ್ತರ ದಶಕದ ನಡುವೆ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಇಮಾಮಸಾಬರನ್ನು ನಾನು ಕೊನೆಯ ಸಲ ಕಂಡದ್ದು ಶಿರಹಟ್ಟಿಯ ಬಸ್ ನಿಲ್ದಾಣದ ಎದುರು, ಏಣಿಯ ಮೇಲೆ. ಅರಿವೆ ಅಂಗಡಿಯ ಬೋರ್ಡಿನ ಮೇಲೆ ಕೈ ಮುಗಿದು ನಿಂತ ಹೆಣ್ಣುಮಗಳನ್ನು ಬರೆಯುತ್ತಿದ್ದರು. ಈಗ ಮನುಷ್ಯರನ್ನೂ ಬರೆಯುತ್ತೀರಲ್ಲ ಎಂದೆ. “ಏನ್ ಮಾಡೂದ್ರಿ, ಅಂಗಡೀಗೆ ಗಿರಾಕಿ ಇಲ್ಲ. ಒಬ್ಬಾಕಿನಾರ ಕಾಯಂ ನಿಂತಿರ್ಲಿ ಅಂತಾರ ಮಾಲಕರು,” ಎಂದರು. ಕೆಳಗಿಳಿದು ಚಹಾ ಕುಡಿಸಿದರು. ಮುಂದಿನ ಮಳೆಗಾಲದಲ್ಲಿ ಬೆಟಗೇರಿಯಲ್ಲಿ ತೀರಿಕೊಂಡರು.

ಆ ಪರದೆ, ಕಂಪನಿ ಮುಚ್ಚಿದ ಮೇಲೆ, ಲಕ್ಷ್ಮೇಶ್ವರದ ಓಣಿಯವರ ಕೈಸೇರಿತು. ೧೯೮೯ರಲ್ಲಿ ಬಸವ್ವನ ಮಗನ ಮದುವೆಯ ದಿನ ಅದನ್ನು ಹಂದರದ ಹಿಂಬದಿಗೆ ಕಟ್ಟಿದ್ದರು. ಅದರ ಮುಂದೆ ಓಣಿಯವರು ಸಾಲಾಗಿ ಊಟಕ್ಕೆ ಕುಳಿತಿದ್ದರು.